ಓದಕ್ಕೆ ಬರದ ಅಪ್ಪನ ಬದಲು ನಾನು ಟ್ರಯಲ್ ಫಾರಂಗೆ ಸೈನ್ ಹಾಕ್ಬಹುದಾ?

ನಿಮ್ಮ ತಂದೆಗೆ ಶುಗರ್, ಡಾಕ್ಟ್ರು ಹೊಸ ಮಾತ್ರೆ ಟ್ರಯಲ್‌ಗೆ ಸೇರ್ಸಿ ಎಲ್ಲಾ ಫ್ರೀ ಅಂದಿದಾರೆ, ಅವ್ರ ಬದಲು ನೀವೇ ಸೈನ್ ಹಾಕ್ಬಹುದಾ ಅಂತ ಕೇಳಿದೀರಿ. ಹಾಕ್ಬೇಡಿ. ಬೆಂಗಳೂರಲ್ಲಿ ಟ್ರಯಲ್ ಕೋಆರ್ಡಿನೇಟರ್ ಆಗಿ ಕೆಲಸ ಮಾಡಿದೀನಿ, "ಮಗ ಹಾಕ್ತಾನೆ ಬಿಡಿ ಸಾರ್" ಅನ್ನೋದು ಯಾವಾಗ್ಲೂ ಕೇಳೋ ಮಾತು, ಆದ್ರೆ ಪ್ರಜ್ಞೆ ಇದ್ದು ತಿಳುವಳಿಕೆ ಸರಿಯಾಗಿರೋ ದೊಡ್ಡವ್ರ ಪರವಾಗಿ ಮನೆಯವ್ರು ಒಪ್ಪಿಗೆ ಕೊಡಂಗಿಲ್ಲ. ಓದಕ್ಕೆ ಬರದಿದ್ರೆ ಅವ್ರಿಗೆ ಅರ್ಥ ಆಗೋ ಭಾಷೇಲಿ ಎಲ್ಲಾ ಹೇಳ್ಬೇಕು, ಟ್ರಯಲ್‌ಗೆ ಸಂಬಂಧ ಇಲ್ದಿರೋ ಒಬ್ಬ ಸಾಕ್ಷಿ ಕೊನೇವರೆಗೂ ಅಲ್ಲೇ ಇರ್ಬೇಕು, ಆಮೇಲೆ ಹೆಬ್ಬೆಟ್ಟು ಒತ್ತೋದು ತಂದೆ, ಸಾಕ್ಷಿ ಅಂತ ಸೈನ್ ಹಾಕೋದು ಆ ವ್ಯಕ್ತಿ.

ಬರೀ ಪೇಪರ್ ಕೆಲಸ ತಾನೇ ಅನ್ಸುತ್ತೆ, ಆದ್ರೆ ಬೇರೆಯವ್ರು ಸೈನ್ ಹಾಕಿದ್ರೆ ಏನಾಗುತ್ತೆ ಅನ್ನೋದಕ್ಕೆ ಒಂದು ಉದಾಹರಣೆ ನೋಡಿ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತೆ ಗುಜರಾತಿನ ವಡೋದರಾದಲ್ಲಿ 10ರಿಂದ 14 ವರ್ಷದ ಹುಡುಗೀರಿಗೆ ಎಚ್‌ಪಿವಿ ಲಸಿಕೆ (ಗರ್ಭಕಂಠದ ಕ್ಯಾನ್ಸರ್ ತಡೆಯೋಕೆ ಕೊಡೋದು) ಕೊಡೋ ಸ್ಟಡಿ ಶುರುವಾಯ್ತು, ಖಮ್ಮಂನಲ್ಲಿ ಎಷ್ಟೋ ಜನ ಹಾಸ್ಟೆಲಲ್ಲಿ ಓದೋ ಆದಿವಾಸಿ ಮಕ್ಕಳು. ಆಮೇಲೆ ತನಿಖೆ ಮಾಡಿ ನೋಡಿದ್ರೆ ಆಂಧ್ರದ 9,543 ಒಪ್ಪಿಗೆ ಫಾರಂಗಳಲ್ಲಿ 2,763ಕ್ಕೆ ಸೈನ್ ಹಾಕಿದ್ದು ಹಾಸ್ಟೆಲ್ ವಾರ್ಡನ್‌ಗಳು! ಹೆತ್ತವ್ರಿಗೆ ವಿಷಯಾನೇ ಹೋಗಿಲ್ಲ ಅಂದ್ರೆ ಅವ್ರು ಒಪ್ಪೋದಾದ್ರೂ ಏನನ್ನ? ಸ್ಟಡಿಲಿದ್ದ 7 ಹುಡುಗೀರು ತೀರ್ಕೊಂಡ್ರು, ಅದಕ್ಕೆ ಲಸಿಕೆ ಕಾರಣ ಇರ್ಲಿಕ್ಕಿಲ್ಲ ಅಂತಾನೇ ತನಿಖಾ ಸಮಿತಿ ಹೇಳಿದ್ದು (ವಾಟ್ಸಾಪಲ್ಲಿ ಬೇರೆ ಥರ ಓಡಾಡುತ್ತೆ, ನಂಬ್ಬೇಡಿ). 2010ರಲ್ಲೇ ಸರ್ಕಾರ ಸ್ಟಡಿ ನಿಲ್ಲಿಸಿತ್ತು, ಒಪ್ಪಿಗೆ ತಗೊಂಡ ರೀತಿಗೆ 2013ರಲ್ಲಿ ಸಂಸದೀಯ ಸಮಿತಿ ಚೆನ್ನಾಗೇ ಉಗೀತು.

ಇನ್ನು ಫ್ರೀ ವಿಚಾರ. ಟ್ರಯಲ್ ಮಾತ್ರೆ ಫ್ರೀ ಇರುತ್ತೆ ನಿಜ, ಆದ್ರೆ ಅದು ಟ್ರೀಟ್‌ಮೆಂಟ್ ಅಲ್ಲ, ಮಾತ್ರೆ ಕೆಲ್ಸ ಮಾಡುತ್ತಾ ಅಂತ ನೋಡೋದು, ತಂದೆಗೆ ಸಿಗೋದು ಪ್ಲಸೀಬೊ ಅಂದ್ರೆ ಔಷಧಿ ಇಲ್ಲದ ಮಾತ್ರೇನೂ ಆಗಿರ್ಬಹುದು. ಈಗ ತಗೋತಿರೋ ಶುಗರ್ ಮಾತ್ರೆ ನಿಲ್ಲಿಸ್ತಾರಾ ಅಂತ ಮೊದ್ಲು ಕೇಳಿ. ಟ್ರಯಲ್‌ನಿಂದ ತೊಂದ್ರೆ ಆದ್ರೆ ಚಿಕಿತ್ಸೆ, ಪರಿಹಾರ ಕೊಡ್ಬೇಕು ಅಂತ ಹೊಸ ಔಷಧಿ ಮತ್ತೆ ಟ್ರಯಲ್‌ಗಳ ಬಗ್ಗೆ ಇರೋ ಕೇಂದ್ರದ 2019ರ ರೂಲ್ಸಲ್ಲೇ ಇದೆ. ಬೇಡ ಅಂದ್ರೂ, ಮಧ್ಯದಲ್ಲಿ ಬಿಟ್ರೂ ಮಾಮೂಲಿ ಚಿಕಿತ್ಸೆ ತಪ್ಪಿಸಂಗಿಲ್ಲ. ಡಾಕ್ಟ್ರು ಬೇಜಾರಾಗ್ತಾರೆ ಅನ್ನೋ ಭಯಕ್ಕೆ ಹೂಂ ಅನ್ನೋರೇ ಜಾಸ್ತಿ, ಅದಕ್ಕೆ ಹೇಳ್ದೆ.

ಕನ್ನಡದ ಮಾಹಿತಿ ಪತ್ರ ಮನೆಗೆ ತಂದು ರಾತ್ರಿ ತಂದೆಗೆ ನಿಧಾನಕ್ಕೆ ಓದಿ ಹೇಳಿ. ಅದ್ರಲ್ಲೇ ಎಥಿಕ್ಸ್ ಕಮಿಟಿ (ಟ್ರಯಲ್‌ಲಿ ಸೇರಿದವ್ರ ಹಿತ ನೋಡೋ ಸಮಿತಿ) ಫೋನ್ ನಂಬರ್ ಇರ್ಬೇಕು, ಸಿಟಿಆರ್‌ಐ ಅಂದ್ರೆ ದೇಶದ ಟ್ರಯಲ್‌ಗಳನ್ನ ನೋಂದಾಯಿಸೋ ಸರ್ಕಾರಿ ಪಟ್ಟಿ, ಅದ್ರ ನಂಬರ್ ಕೇಳಿ ಇಸ್ಕೊಂಡು ಸಿಟಿಆರ್‌ಐ ಸೈಟಲ್ಲಿ ಹುಡುಕಿ. ಪತ್ರ ಮನೆಗೆ ಕೊಡಲ್ಲ, ಈಗ್ಲೇ ಇಲ್ಲೇ ಹೆಬ್ಬೆಟ್ಟು ಒತ್ತಿ ಅಂದ್ರೆ ತಂದೇನ ಕರ್ಕೊಂಡು ಎದ್ದು ಬನ್ನಿ.