ಒಮ್ಮೆ ಮೋಸ ಹೋದ ಮೇಲೆ ‘ಅದ್ಭುತ ಯಂತ್ರ’ದ ಸಂಶೋಧಕರನ್ನು ಪರೀಕ್ಷಿಸುವುದು ಹೇಗೆ?

ಮನುಷ್ಯನನ್ನು ಬಿಡಿ, ಅಳತೆಯನ್ನು ನೋಡಿ. ಪ್ರಾಮಾಣಿಕವಾಗಿಯೇ ತಪ್ಪು ಅಳೆಯುವವರೂ ಬೇಕಾದಷ್ಟಿದ್ದಾರೆ.

1996ರಲ್ಲಿ ತಮಿಳುನಾಡಿನ ರಾಮರ್ ಪಿಳ್ಳೈ ಗಿಡಮೂಲಿಕೆ ಬೇಯಿಸಿ ಪೆಟ್ರೋಲ್ ಮಾಡುತ್ತೇನೆಂದರು. ಪರೀಕ್ಷಿಸಿದಾಗ ಇಂಧನ ಸಿಕ್ಕಿದ್ದು ಕಲಕುವ ಟೊಳ್ಳು ಕೋಲಿನೊಳಗೆ. ಕೋಲಿನ ತುದಿ ಮುಚ್ಚಿದ್ದ ಮೇಣ ಬಿಸಿಗೆ ಕರಗಿದಾಗ ಆ ಇಂಧನ ಪಾತ್ರೆಗೆ ಇಳಿಯುತ್ತಿತ್ತು. ಆ ‘ಇಂಧನ’ ಮಾರಿದ ಪ್ರಕರಣದಲ್ಲಿ 2016ರಲ್ಲಿ ಚೆನ್ನೈ ನ್ಯಾಯಾಲಯ ಅವರಿಗೆ ಮೂರು ವರ್ಷ ಶಿಕ್ಷೆ ವಿಧಿಸಿತು. ಹಾಗಾಗಿ ಪಾತ್ರೆ, ಕೋಲು, ನೀರು ಎಲ್ಲವೂ ನಿಮ್ಮದೇ ಇರಲಿ. ಮೊದಲೂ ಕೊನೆಗೂ ತೂಗಿ.

ಕೊಟ್ಟಿದ್ದಕ್ಕಿಂತ ಹೆಚ್ಚು ವಿದ್ಯುತ್ ಕೊಡುತ್ತದೆನ್ನುವ ‘ಉಚಿತ ವಿದ್ಯುತ್’ ಯಂತ್ರವಾದರೆ ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದ ಲೆಕ್ಕ ಒಪ್ಪಬೇಡಿ. ಮನೆಗೆ ಬರುವಂಥ ಎಸಿ ವಿದ್ಯುತ್ತಿನಲ್ಲಿ ಪವರ್ ಫ್ಯಾಕ್ಟರ್ (ಆ ಗುಣಲಬ್ಧದಲ್ಲಿ ನಿಜವಾದ ಶಕ್ತಿಯ ಪಾಲು) 0.3 ಇದ್ದರೆ 1,000 ವೋಲ್ಟ್-ಆಂಪಿಯರ್ ಎಂದರೆ ಬರೀ 300 ವ್ಯಾಟ್. ಒಳಬರುವ, ಹೊರಹೋಗುವ ಎರಡೂ ಕಡೆ ನಿಮ್ಮದೇ ಎನರ್ಜಿ ಮೀಟರ್ ಹಾಕಿ. ಹತ್ತು ನಿಮಿಷದ ಪ್ರದರ್ಶನಕ್ಕೆ ಅಡಗಿಸಿಟ್ಟ ಸಣ್ಣ ಬ್ಯಾಟರಿ ಸಾಕು. 1 ಕಿಲೋವ್ಯಾಟ್ ಲೋಡನ್ನು 24 ಗಂಟೆ ಓಡಿಸಲು 24 ಯೂನಿಟ್ ಬೇಕು. ಅಷ್ಟು ತುಂಬುವ ಲಿಥಿಯಂ ಬ್ಯಾಟರಿಯೇ ನೂರು ಕಿಲೋ ಮೀರುತ್ತದೆ, ಬಚ್ಚಿಡುವುದು ಸುಲಭವಲ್ಲ. ಗೋಡೆಯ ಪ್ಲಗ್ ಕಿತ್ತು ಓಡಿಸಿ ಎಂದರೆ ಬಹುತೇಕರು ಅಲ್ಲಿಗೇ ಸುಮ್ಮನಾಗುತ್ತಾರೆ.

ಪೇಟೆಂಟ್ ಅರ್ಜಿ ಸಂಖ್ಯೆ ಅರ್ಜಿ ಹಾಕಿದ್ದಕ್ಕೆ ಮಾತ್ರ ಪುರಾವೆ. ಪರೀಕ್ಷೆಗೆ ಮೊದಲೇ ಮುಂಗಡ ಕೇಳಿದರೆ ಎದ್ದು ಬನ್ನಿ.