ಒಂದೇ ಸಂವಿಧಾನಕ್ಕೆ ಮೂರು ಸಲ ಮತ ಏಕೆ?

ಪತ್ರ: ಪೆಸಿಫಿಕ್ ಸಾಗರದ ಪಲಾವ್ ದೇಶ ಸ್ವತಂತ್ರವಾಗುವ ಮೊದಲು ತನ್ನ ಸಂವಿಧಾನಕ್ಕೆ ಮೂರು ಸಲ, ಅಮೆರಿಕದ ಜೊತೆಗಿನ ಒಪ್ಪಂದಕ್ಕೆ ಎಂಟು ಸಲ ಮತ ಹಾಕಿತೆಂದು ಓದಿದೆ. ಅಷ್ಟು ಚಿಕ್ಕ ನಾಡಿನ ಜನಕ್ಕೆ ತಮಗೇನು ಬೇಕೆಂದು ಗೊತ್ತಿರಲಿಲ್ಲವೇ? ಇಂಥದ್ದನ್ನು ನಮ್ಮಲ್ಲಿ ಮಾಡಿದ ಹಾಗೆ ಸಭೆಗೇ ಬಿಡುವುದು ಮೇಲಲ್ಲವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಗೊತ್ತಿತ್ತು, ಚೆನ್ನಾಗಿಯೇ ಗೊತ್ತಿತ್ತು. ಆ ಮೂರು ಮತದಾನಗಳನ್ನು ಒಟ್ಟಿಗೆ ಇಟ್ಟು ನೋಡಿ. 1979ರ ಜುಲೈ 9ರಂದು ಮೂಲ ಕರಡಿಗೆ ಶೇ 92ರಷ್ಟು ಒಪ್ಪಿಗೆ ಬಿತ್ತು. ಅದೇ ಅಕ್ಟೋಬರ್ 23ರಂದು ತಿದ್ದಿದ ಕರಡು ಮತಕ್ಕೆ ಬಂದಾಗ ಸುಮಾರು ಶೇ 70 ಜನ ಬೇಡವೆಂದರು. 1980ರ ಜುಲೈ 9ರಂದು ಮೂಲ ಕರಡೇ ಮತ್ತೆ ಬಂತು, ಶೇ 78 ಜನ ಒಪ್ಪಿದರು. ಮೂರು ಸಲವೂ ಅವರು ಹೇಳಿದ್ದು ಒಂದೇ ಮಾತು.

ಹಾಗಾದರೆ ಕರಡನ್ನು ತಿದ್ದಿದವರು ಯಾರು, ಏಕೆ? 1947ರಿಂದ ಪಲಾವ್ ವಿಶ್ವಸಂಸ್ಥೆಯ ಪರವಾಗಿ ಅಮೆರಿಕದ ಆಡಳಿತದಲ್ಲಿತ್ತು. 1979ರ ಆರಂಭದಲ್ಲಿ ಪಲಾವ್‌ನ ಕೊರೋರ್ ಪಟ್ಟಣದಲ್ಲಿ ಸೇರಿದ ಸಂವಿಧಾನ ಸಮಾವೇಶ ಒಂದು ಕಲಂ ಬರೆಯಿತು: ಅಣು, ರಾಸಾಯನಿಕ, ಜೈವಿಕ ಅಸ್ತ್ರಗಳನ್ನು ಪಲಾವ್ ಗಡಿಯೊಳಗೆ ಬಳಸಬಾರದು, ಪರೀಕ್ಷಿಸಬಾರದು, ದಾಸ್ತಾನು ಇಡಬಾರದು, ಎಸೆಯಬಾರದು. ಬೇಕೇಬೇಕೆಂದರೆ ಅದೊಂದೇ ಪ್ರಶ್ನೆಯ ಮೇಲೆ ಜನಮತಗಣನೆ ನಡೆದು, ಬಿದ್ದ ಮತಗಳಲ್ಲಿ ಮುಕ್ಕಾಲು ಪಾಲು ಒಪ್ಪಿಗೆ ಸಿಗಬೇಕು. ಮಾರ್ಷಲ್ ದ್ವೀಪಗಳಲ್ಲಿ 1946ರಿಂದ 1958ರವರೆಗೆ ಅಮೆರಿಕ 67 ಅಣುಸ್ಫೋಟ ನಡೆಸಿತ್ತು. ಆ ದ್ವೀಪಗಳೂ ಪಲಾವ್ ಇದ್ದ ಆಡಳಿತಕ್ಕೇ ಸೇರಿದವು. ಹೆದರಲು ಅಷ್ಟು ಸಾಕು.

ಅಮೆರಿಕದ ನೌಕಾಪಡೆಯೋ ತನ್ನ ಯಾವ ಹಡಗಿನಲ್ಲಿ ಅಣ್ವಸ್ತ್ರ ಇದೆ, ಯಾವುದರಲ್ಲಿ ಇಲ್ಲ ಎಂದು ಬಾಯಿಬಿಡುವುದಿಲ್ಲ. ಈ ಕಲಂ ಜಾರಿಗೆ ಬಂದರೆ ಅದರ ಪ್ರತಿ ಹಡಗಿನ ಮೇಲೂ ಪ್ರಶ್ನೆ ಏಳುತ್ತಿತ್ತು. ವಿದೇಶಿಯರ ಅನುಕೂಲಕ್ಕೆ ಸರ್ಕಾರ ಜನರ ಜಮೀನು ವಶಪಡಿಸಿಕೊಳ್ಳಬಾರದೆಂಬ ನಿಯಮಕ್ಕೂ ಅಮೆರಿಕ ತಕರಾರು ತೆಗೆಯಿತು. ಆಗ ಪಲಾವ್‌ನ ಶಾಸನಸಭೆ (ಅಮೆರಿಕದ ಆಡಳಿತದಲ್ಲಿ ಪಲಾವ್ ಒಂದು ಜಿಲ್ಲೆಯಾಗಿತ್ತು) ಸಮಾವೇಶವನ್ನು ಕರೆದ ಕಾಯ್ದೆಯನ್ನೇ ರದ್ದು ಮಾಡಿತು. ರದ್ದತಿ ಸರಿಯೆಂದು ನ್ಯಾಯಾಲಯ ಹೇಳಿದ್ದರಿಂದ ಶೇ 92ರ ಒಪ್ಪಿಗೆ ಲೆಕ್ಕಕ್ಕಿಲ್ಲದೆ ಹೋಯಿತು. ತಿದ್ದಿದ ಕರಡು ಸೋತು, ಚುನಾವಣೆಯಲ್ಲಿ ಮೂಲ ಕರಡಿನ ಪರ ಇದ್ದವರು ಗೆದ್ದು ಬಂದ ಮೇಲೆಯೇ ಅದು ಮತ್ತೆ ಜನರ ಮುಂದೆ ಬಂದದ್ದು. 1981ರ ಜನವರಿ 1ರಂದು ಜಾರಿಯಾಯಿತು.

ನಮ್ಮ ಸಂವಿಧಾನವನ್ನು 1949ರ ನವೆಂಬರ್ 26ರಂದು ಸಂವಿಧಾನ ಸಭೆಯೇ ಅಂಗೀಕರಿಸಿತು, ನಿಜ. ಆದರೆ ಪಲಾವ್‌ನಲ್ಲಿ ಕೊನೆಯ ಮಾತನ್ನು ಶಾಸನಸಭೆಗೆ ಬಿಟ್ಟಿದ್ದರೆ ಆ ಕಲಂ 1979ರಲ್ಲೇ ಅಳಿಸಿಹೋಗುತ್ತಿತ್ತು. ಆದ್ದರಿಂದ ನಿಮ್ಮ ಸಲಹೆಯನ್ನು ಅಲ್ಲಿಗೆ ಒಪ್ಪಲಾರೆವು.

ಇನ್ನು ಎಂಟು ಸಲದ ಮಾತು. ಅಮೆರಿಕ ಹಣ ಕೊಡುವುದು, ರಕ್ಷಣೆಯ ಹೊಣೆ ಹೊರುವುದು, ಬದಲಿಗೆ ಸೇನಾ ಸೌಲಭ್ಯ ಪಡೆಯುವುದು: ಮುಕ್ತ ಸಹಯೋಗದ ಒಪ್ಪಂದದ ತಿರುಳು ಇದು. 1983ರ ಫೆಬ್ರುವರಿಯಲ್ಲಿ ಮತಪತ್ರದಲ್ಲಿ ಒಪ್ಪಂದಕ್ಕೂ ಅಣು ವಿಷಯಕ್ಕೂ, ಅಂದರೆ ಅಣ್ವಸ್ತ್ರಕ್ಕೆ ಅವಕಾಶ ಕೊಡುವುದಕ್ಕೂ, ಬೇರೆ ಬೇರೆ ಪ್ರಶ್ನೆ ಇತ್ತು. ಒಪ್ಪಂದಕ್ಕೆ ಶೇ 62, ಅಣು ವಿಷಯಕ್ಕೆ ಸುಮಾರು ಶೇ 53 ಒಪ್ಪಿಗೆ. ಎರಡೂ ಬಹುಮತವೇ, ಆದರೆ ಸೇನಾ ಸೌಲಭ್ಯದ ಜೊತೆ ಅಣ್ವಸ್ತ್ರವೂ ಬರಬಹುದಾದ್ದರಿಂದ ಬೇಕಿದ್ದದ್ದು ಶೇ 75. 1986ರ ಫೆಬ್ರುವರಿಯಲ್ಲಿ ಒಪ್ಪಂದದ ಪರ ಮತ ಶೇ 72ಕ್ಕೆ ಏರಿ ನಿಂತಿತು. ಲೆಕ್ಕ ಹೀಗಿದೆ: 10,000 ಮತ ಬಿದ್ದರೆ 7,500 ಹೌದು ಬೇಕು, 2,501 ಜನ ಬೇಡವೆಂದರೆ ಮುಗಿಯಿತು. ‘ಪಲಾವ್ ಒಪ್ಪಂದವನ್ನು ತಿರಸ್ಕರಿಸಿತು’ ಎಂಬ ಸುದ್ದಿ ಓದುವವರು ಈ ಅಂಕಿಯನ್ನು ಮರೆಯಬಾರದು.

1987ರ ಆಗಸ್ಟ್‌ನಲ್ಲಿ ಸಂವಿಧಾನಕ್ಕೇ ತಿದ್ದುಪಡಿ ತಂದು ಶೇ 75ರ ಅಡ್ಡಿ ದಾಟಲು ಪಲಾವ್ ಸರ್ಕಾರ ನೋಡಿತು. ಊರಿನ ಹಿರಿಯ ಹೆಂಗಸರು ಕೋರ್ಟಿಗೆ ಹೋದರು. ತಿದ್ದುಪಡಿ ವಿಧಿಬದ್ಧವಾಗಿ ಆಗಿಲ್ಲವೆಂದು 1988ರಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಸರಿಯಾದ ದಾರಿ ಸಂವಿಧಾನದಲ್ಲೇ ಇತ್ತು: ಸಾರ್ವತ್ರಿಕ ಚುನಾವಣೆಯ ದಿನವೇ ಮತ, ಒಟ್ಟು ಮತಗಳಲ್ಲಿ ಬಹುಮತ, ಜೊತೆಗೆ ಪಲಾವ್‌ನ 16 ರಾಜ್ಯಗಳಲ್ಲಿ ಕನಿಷ್ಠ 12ರ ಒಪ್ಪಿಗೆ. 1992ರ ನವೆಂಬರ್ 4ರಂದು ಈ ದಾರಿಯಲ್ಲೇ ನಡೆದು, ಒಪ್ಪಂದಕ್ಕೆ ಸರಳ ಬಹುಮತ ಸಾಕೆಂದು ತೀರ್ಮಾನವಾಯಿತು. ಮರುವರ್ಷ ನವೆಂಬರ್ 9ರಂದು ಒಪ್ಪಂದಕ್ಕೆ ಬಿದ್ದದ್ದು ಶೇ 68, ಅಂದರೆ 1986ರಲ್ಲಿ ಸಾಲದೆ ಹೋದ ಶೇ 72ಕ್ಕಿಂತಲೂ ಕಡಿಮೆ.

1994ರ ಅಕ್ಟೋಬರ್ 1ರಂದು ಪಲಾವ್ ಸ್ವತಂತ್ರವಾಯಿತು. 1992ರ ಸಡಿಲಿಕೆ ಆ ಒಪ್ಪಂದದ ಮಟ್ಟಿಗೆ ಮಾತ್ರ; ಅಣ್ವಸ್ತ್ರದ ಕಲಂ ಸಂವಿಧಾನದಲ್ಲಿ ಹಾಗೆಯೇ ಇದೆ.

– ಸಂಪಾದಕರು