ತೈವಾನ್ ಅಡುಗೆಯಲ್ಲಿ ಮನೆಯಲ್ಲೇ ಮಾಡಲು ಬರುವಂಥದ್ದು ಯಾವುದು?

ತೈವಾನ್‌ನ ಹೆಸರಾದ ಅಡುಗೆಗಳಲ್ಲಿ ಮನೆಯಲ್ಲಿ ಯಾವುದನ್ನು ಮಾಡಬಹುದು, ಅಲ್ಲಿಗೇ ಹೋದರೆ ಏನು ತಿನ್ನಬೇಕು ಎಂದು ಕೇಳಿದ್ದೀರಿ. ಮನೆಗಾದರೆ ನಾನು ಹೇಳುವುದು ಸಾನ್ ಬೇ ಜೀ, ಅಂದರೆ ಮೂರು ಬಟ್ಟಲಿನ ಕೋಳಿ. ಎಳ್ಳೆಣ್ಣೆ, ಸೋಯಾ ಸಾಸ್, ಅಕ್ಕಿ ಮದ್ಯ ಒಂದೊಂದು ಬಟ್ಟಲು ಎಂಬುದು ಹೆಸರಿನ ಲೆಕ್ಕ ಮಾತ್ರ. ಹಾಗೇ ಅಳೆದು ಸುರಿದರೆ ಬಾಯಿಗಿಡಲಾಗದಷ್ಟು ಉಪ್ಪಾಗುತ್ತದೆ.

600 ಗ್ರಾಂ ಮೂಳೆಸಹಿತ ತೊಡೆ ಮಾಂಸಕ್ಕೆ 3 ದೊಡ್ಡ ಚಮಚ ಎಳ್ಳೆಣ್ಣೆ, ಅಷ್ಟೇ ತಿಳಿ ಸೋಯಾ ಸಾಸ್, 100 ಮಿ.ಲೀ. ಅಕ್ಕಿ ಮದ್ಯ, 2 ಚಿಕ್ಕ ಚಮಚ ಸಕ್ಕರೆ, ಶುಂಠಿ 12–15 ಬಿಲ್ಲೆ, ಬೆಳ್ಳುಳ್ಳಿ 10 ಎಸಳು, ಒಣಮೆಣಸಿನಕಾಯಿ 2 ಸಾಕು. ಎದೆ ಮಾಂಸ ಬೇಡ, ನಾರಾಗುತ್ತದೆ.

ಹೆಚ್ಚಿನವರು ಎಡವುವುದು ಎಣ್ಣೆಯಲ್ಲಿ. ನಮ್ಮ ಗಾಣದ ಎಳ್ಳೆಣ್ಣೆ ಸಾಮಾನ್ಯವಾಗಿ ಹುರಿಯದ ಎಳ್ಳಿನದು. ಅಲ್ಲಿನದು ಚೆನ್ನಾಗಿ ಹುರಿದ ಕರಿ ಎಳ್ಳಿನದು, ಬಣ್ಣವೂ ಗಾಢ, ಘಮವೂ ಬೇರೆ. ಅಂಗಡಿಯಲ್ಲಿ ಹುರಿದ ಎಳ್ಳಿನ ಎಣ್ಣೆ ಎಂದೇ ಕೇಳಿ. ಅದು ಹೊಗೆಯಾಡುವಷ್ಟು ಕಾದರೆ ಕಹಿಯಾಗುತ್ತದೆ, ಆಮೇಲೆ ಏನು ಹಾಕಿದರೂ ಸರಿಹೋಗದು. ಆದ್ದರಿಂದ ಸಣ್ಣ ಉರಿಯಲ್ಲಿ ಶುಂಠಿಯ ಅಂಚು ಸುರುಟುವವರೆಗೆ, ಸುಮಾರು 4 ನಿಮಿಷ, ಬಾಡಿಸಿ. ಬೆಳ್ಳುಳ್ಳಿ, ಮೆಣಸಿನಕಾಯಿ ಹಾಕಿ. ಕೋಳಿ ಬಿದ್ದ ಮೇಲೆ ಉರಿ ಏರಿಸಿ, ಮಾಂಸದ ಮೈ ಕೆಂಪಾಗಲಿ. ಮದ್ಯ, ಸಾಸ್, ಸಕ್ಕರೆ ಸೇರಿಸಿ ಮುಚ್ಚಿ 12 ನಿಮಿಷ ಬೇಯಿಸಿ. ನೀರು ಹಾಕಲೇಬೇಡಿ. ಕೊನೆಗೆ ಮುಚ್ಚಳ ತೆಗೆದು, ರಸ ತುಂಡುಗಳಿಗೆ ಅಂಟಿ ಹೊಳೆಯುವಷ್ಟು ಇಂಗಿಸಿ. ಇದು ಸಾರಿನ ಪದಾರ್ಥವಲ್ಲ.

ಒಲೆ ಆರಿಸುವ ಮುನ್ನ ಎರಡು ಹಿಡಿ ಸೊಪ್ಪು. ತೈವಾನಿನವರು ಒಂಬತ್ತು ಅಂತಸ್ತಿನ ಗೋಪುರ ಎಂದು ಕರೆಯುವ ಆ ಗಿಡ ನಮ್ಮ ಕಾಮಕಸ್ತೂರಿಯ ಜಾತಿಯದೇ. ತುಳಸಿ ಹಾಕಿದರೆ ಕಷಾಯದ ವಾಸನೆ ಬರುತ್ತದೆ. ಮಾಂಸ ತಿನ್ನದವರು ಕೋಳಿಯ ಬದಲು ದಪ್ಪ ಕಾಂಡದ ಕಿಂಗ್ ಆಯ್‌ಸ್ಟರ್ ಅಣಬೆಯಲ್ಲಿ ಮಾಡಿಕೊಳ್ಳಬಹುದು, ಅಲ್ಲಿಯೂ ಹಾಗೆ ಮಾಡುತ್ತಾರೆ. ಅಣಬೆಗೆ 5 ನಿಮಿಷ ಸಾಕು.

ಅಲ್ಲಿಗೆ ಹೋದರೆ ಮೊದಲು ಲು ರೋ ಫಾನ್ ತಿನ್ನಿ: ಸಣ್ಣಗೆ ಹೆಚ್ಚಿದ ಹಂದಿ ಮಾಂಸವನ್ನು ಹುರಿದ ಸಣ್ಣ ಈರುಳ್ಳಿ, ಸೋಯಾ ಸಾಸ್‌ನಲ್ಲಿ ಗಂಟೆಗಟ್ಟಲೆ ಕುದಿಸಿ ಬಿಸಿ ಅನ್ನದ ಮೇಲೆ ಸುರಿಯುತ್ತಾರೆ. ದಕ್ಷಿಣದ ತೈನಾನ್, ಕಾವ್‌ಶ್ಯುಂಗ್ ಕಡೆ ಇದನ್ನೇ ರೋ ಝಾವ್ ಫಾನ್ ಎನ್ನುತ್ತಾರೆ. ಅಲ್ಲಿ ಲು ರೋ ಫಾನ್ ಕೇಳಿದರೆ ಇಡೀ ಮಾಂಸದ ತುಂಡಿಟ್ಟ ಅನ್ನ ಬರಬಹುದು. ರಾತ್ರಿ ಸಂತೆಗಳಲ್ಲಿ ಸಿಗುವ ಸಿಂಪಿ ಆಮ್ಲೆಟ್ ನಡುವೆ ಅಂಟಂಟಾಗಿರುತ್ತದೆ. ಅದು ಬೇಯದ ಮೊಟ್ಟೆಯಲ್ಲ, ಗೆಣಸಿನ ಹಿಟ್ಟಿನ ಗುಣ. ಸಸ್ಯಾಹಾರಿಗಳು 'ವೋ ಚ್ರ್ ಸೂ' ಎಂದರೆ ಅರ್ಥವಾಗುತ್ತದೆ, ಆದರೆ ಮೊಟ್ಟೆ ಬೇಡವಾದರೆ ಅದನ್ನು ಬೇರೆಯಾಗಿಯೇ ಹೇಳಿ.